ಐವಿಜಿ ಎಂಬ ಮೂರು ಅಕ್ಷರ

ಫ್ರೆಂಚ್ ಆಸ್ಪತ್ರೆ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಬೆಂಗಳೂರಿನಲ್ಲೇ ಕೂತು ಮಾಡುತ್ತೇನೆ. ಹೋದ ತಿಂಗಳು ಬಂದ ಒಂದು ಫೈಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಆ ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಫ್ರಾನ್ಸಿನಲ್ಲಿರುವ ಮಗನ ಮನೆಗೆ ಹೋಗಿದ್ದ ತಾಯಿಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ಅಲ್ಲೇ ಆಸ್ಪತ್ರೆಗೆ ಸೇರಿಸಿದರು. ಸುಧಾರಿಸಿಕೊಂಡು ಊರಿಗೆ ಬಂದರು. ಇಲ್ಲಿ ಹಾರ್ಟ್ ಡಾಕ್ಟರಿಗೆ ತೋರಿಸಬೇಕು, ಇನ್ಶೂರೆನ್ಸ್‌ಗೂ ಕಾಗದ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಫ್ರೆಂಚಿನಲ್ಲಿ. ಯಾರೋ ಕಡಿಮೆ ದುಡ್ಡಿಗೆ, ಕಂಪ್ಯೂಟರಿಗೆ ಹಾಕಿ ಇಂಗ್ಲಿಷ್ ಮಾಡಿ ಕೊಟ್ಟರು. ಅದರಲ್ಲಿ, 67 ವರ್ಷದ ಆ ತಾಯಿಗೆ ಗರ್ಭಪಾತ ಮಾಡಿಸಿದೆ ಅಂತ ಇತ್ತು.

ಮೂಲದಲ್ಲಿ ಇದ್ದದ್ದು ಐವಿಜಿ ಎಂಬ ಮೂರು ಅಕ್ಷರ, ಅಷ್ಟೇ. ಫ್ರಾನ್ಸಿನಲ್ಲಿ ಜನಸಾಮಾನ್ಯರಿಗೆ ಐವಿಜಿ ಅಂದರೆ ಗರ್ಭಪಾತ. ಸಿಮೋನ್ ವೇಯ್ ಆರೋಗ್ಯ ಮಂತ್ರಿ ಆಗಿದ್ದಾಗ, 1975ರಲ್ಲಿ ಅದನ್ನು ಕಾನೂನುಬದ್ಧ ಮಾಡಿದರು. ಪೇಪರಿನಲ್ಲಿ, ಟಿವಿಯಲ್ಲಿ ಎಲ್ಲ ಕಡೆ ಇದೇ ಅರ್ಥ. ಆದರೆ ಹೃದಯದ ವಾರ್ಡಿನ ಡಾಕ್ಟರು ಅದೇ ಮೂರು ಅಕ್ಷರ ಬರೆದರೆ ಅರ್ಥ ಬೇರೆ. ಹೃದಯದ ಎಡ ಕೆಳಕೋಣೆ ರಕ್ತವನ್ನು ಸರಿಯಾಗಿ ಪಂಪ್ ಮಾಡುತ್ತಿಲ್ಲ ಅಂತ.

ಉತ್ತರ ಅದೇ ಪುಟದಲ್ಲಿ ಇತ್ತು, ಅದಕ್ಕೇ ನನಗೆ ಇಷ್ಟು ಸಂಕಟ. ಎರಡು ಸಾಲು ಮೇಲೆ ಓಎಪಿ ಅಂತ ಇತ್ತು, ಅಂದರೆ ಶ್ವಾಸಕೋಶದಲ್ಲಿ ದಿಢೀರನೆ ನೀರು ತುಂಬಿಕೊಳ್ಳುವುದು. ಮಾತ್ರೆಗಳ ಪಟ್ಟಿಯಲ್ಲಿ ಲಾಸಿಲಿಕ್ಸ್ ಇತ್ತು. ನಮ್ಮ ಮೆಡಿಕಲ್ ಶಾಪಿನಲ್ಲಿ ಲ್ಯಾಸಿಕ್ಸ್ ಅಂತ ಸಿಗುವ, ಮೈಯಲ್ಲಿ ನಿಂತ ನೀರು ಇಳಿಸುವ ಔಷಧಿ ಅದೇ. ಕೆಳಗೆ ಎಕೋ ರಿಪೋರ್ಟಿನಲ್ಲಿ ಎಫ್‌ಇವಿಜಿ. ಇಲ್ಲಿನ ಎಕೋದಲ್ಲಿ ಎಲ್‌ವಿಇಎಫ್ ಅಂತ ಬರುತ್ತದಲ್ಲ, ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ, ಅದು. ಐವಿಜಿಯ ವಿಜಿ, ಎಫ್‌ಇವಿಜಿಯ ವಿಜಿ ಎರಡೂ ಒಂದೇ: ಎಡ ಕೆಳಕೋಣೆ. ಪುಟ ಪೂರ್ತಿ ಓದಿದ್ದರೆ ಸಾಕಿತ್ತು.

ಗೊತ್ತಿಲ್ಲದ ಅಕ್ಷರ ಬಂದರೆ ಹುಡುಕಿಯಾದರೂ ನೋಡುತ್ತೇವೆ. ಗೊತ್ತಿದೆ ಅನಿಸುವ ಅಕ್ಷರಗಳದ್ದೇ ಜಾಸ್ತಿ ಭಯ. ಆರ್‌ಎ ಅಂದರೆ ಇಲ್ಲಿನ ಡಾಕ್ಟರಿಗೆ ಕೀಲುವಾತ. ಫ್ರೆಂಚ್ ಹೃದಯದ ಡಾಕ್ಟರಿಗೆ ಅದು ಮಹಾಪಧಮನಿಯ ಕವಾಟ ಕಿರಿದಾಗಿರುವುದು. ಐಎಂ ಔಷಧಿಯ ಪಕ್ಕ ಇದ್ದರೆ ಸ್ನಾಯುವಿಗೆ ಕೊಡುವ ಇಂಜೆಕ್ಷನ್. ಎದೆಬಡಿತದ ಸದ್ದಿನ ವಿವರದ ಪಕ್ಕ ಇದ್ದರೆ ಹೃದಯದ ಎಡಭಾಗದ ಮೈಟ್ರಲ್ ಕವಾಟದ ಸೋರಿಕೆ. ಅಂಕಿಗಳೂ ಹಾಗೇ. ಟಿಎ 13/8 ಅಂದರೆ ಬಿಪಿ 130/80, ನಾವು ಪಾದರಸದ ಮಿಲಿಮೀಟರಿನಲ್ಲಿ ಹೇಳುವುದನ್ನು ಅಲ್ಲಿ ಸೆಂಟಿಮೀಟರಿನಲ್ಲಿ ಹೇಳುತ್ತಾರೆ. ಸಕ್ಕರೆ 1,26 ಅಂದರೆ ಲೀಟರಿಗೆ 1.26 ಗ್ರಾಂ, ನಮ್ಮ ಲೆಕ್ಕದಲ್ಲಿ 126. ಅಲ್ಲಿ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ. ಕ್ಯಾನಡಾದ ಕ್ವಿಬೆಕ್‌ನಿಂದ ಬಂದ ಫ್ರೆಂಚ್ ಕಾಗದ ಇನ್ನೂ ಬೇರೆ. ಫ್ರಾನ್ಸಿನಲ್ಲಿ ಬಿಪಿಸಿಒ ಅನ್ನುವ ಶ್ವಾಸಕೋಶದ ಕಾಯಿಲೆಗೆ ಅಲ್ಲಿ ಎಂಪಿಒಸಿ ಅನ್ನುತ್ತಾರೆ.

ಹಾಗಾಗಿ ನಾನು ಅಕ್ಷರಕ್ಕೆ ಅಕ್ಷರ ಬರೆಯುವುದಿಲ್ಲ. ಪೂರ್ತಿ ಹೆಸರನ್ನೇ ಬರೆಯುತ್ತೇನೆ. ಪುಟ ನೋಡಿದರೂ ಖಚಿತ ಆಗಲಿಲ್ಲವೆಂದರೆ ಮೂಲದ ಅಕ್ಷರವನ್ನು ಹಾಗೇ ಬಿಟ್ಟು, ಅರ್ಥ ಸ್ಪಷ್ಟವಿಲ್ಲ, ಆಸ್ಪತ್ರೆಯನ್ನು ಕೇಳಿ ಅಂತ ಪಕ್ಕದಲ್ಲಿ ಬರೆಯುತ್ತೇನೆ. ಕೆಲಸ ಕೊಡುವವರಿಗೆ ಇದು ಇಷ್ಟವಾಗುವುದಿಲ್ಲ. ಅನುವಾದ ಅರ್ಧಂಬರ್ಧ ಕಾಣುತ್ತದೆ ಅನ್ನುತ್ತಾರೆ. ಅರ್ಧ ಕಂಡರೂ ಪರವಾಗಿಲ್ಲ. ಊಹೆ ಮಾಡಿ ಬರೆದದ್ದನ್ನು ನಂಬಿಯೇ ಮುಂದಿನ ಡಾಕ್ಟರು ಔಷಧಿ ಬರೆಯುತ್ತಾರೆ ಅಲ್ವಾ?

ನಮ್ಮ ಕೆಲಸಕ್ಕೆ ದುಡ್ಡು ಪದಕ್ಕೆ ಇಷ್ಟು ಅಂತ. ಐವಿಜಿ ಒಂದು ಪದ. ಅದನ್ನು ಖಚಿತ ಮಾಡಿಕೊಳ್ಳಲು ಅರ್ಧ ಗಂಟೆ ಹಿಡಿಯಬಹುದು. ಆ ಅರ್ಧ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಆಸ್ಪತ್ರೆ ಕಾಗದಗಳಿಗಾದರೂ ಗಂಟೆ ಲೆಕ್ಕದಲ್ಲಿ ಕೊಡಬೇಕು ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.

ಫ್ರಾನ್ಸಿನಲ್ಲಿ ಇರುವ ಕನ್ನಡದವರು, ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ದಯವಿಟ್ಟು ಗಮನಿಸಿ. ಆಸ್ಪತ್ರೆಯಿಂದ ಹೊರಡುವ ಮೊದಲೇ ವಾರ್ಡಿನ ಡಾಕ್ಟರನ್ನು ಕೂರಿಸಿಕೊಂಡು ಪ್ರತಿ ಅಕ್ಷರದ ಪೂರ್ತಿ ರೂಪ ಬರೆಸಿಕೊಳ್ಳಿ. ಹೊರಟು ಬಂದಾಗಿದ್ದರೂ ಕಾಗದ ಕೇಳಬಹುದು. 2002ರ ಮಾರ್ಚ್ 4ರ ಕಾನೂನಿನ ಪ್ರಕಾರ ರೋಗಿ ತನ್ನ ಫೈಲು ಕೇಳಿದರೆ 8 ದಿನದೊಳಗೆ ಕೊಡಬೇಕು. 5 ವರ್ಷಕ್ಕಿಂತ ಹಳೆಯದಾದರೆ 2 ತಿಂಗಳು.

ಹೊಸ ಅನುವಾದ ಕಳಿಸಿದ ಮೇಲೆ ಆ ತಾಯಿ ಫೋನ್ ಮಾಡಿದ್ದರು. ಕೇಳಿದ್ದು ಒಂದೇ. "ಆ ಹಳೇ ಕಾಗದ ಈಗ ಯಾರ ಹತ್ರಾನೂ ಇಲ್ಲ ತಾನೇ?" ಇನ್ಶೂರೆನ್ಸ್‌ನವರ ಹತ್ತಿರ ಒಂದು ಪ್ರತಿ ಇದೆ. ಅದನ್ನು ವಾಪಸ್ ಪಡೆಯಲು ಅವರ ಮಗ ಇನ್ನೂ ಮೇಲ್ ಬರೆಯುತ್ತಲೇ ಇದ್ದಾರೆ.