ಒಡೆಯಬಾರದ ಮೆಣಸಿನಕಾಯಿ

ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದ ಆಡುಮಾತು ಸ್ಪ್ಯಾನಿಷ್. ಅಲ್ಲಿ ಅನ್ನಕ್ಕೆ ಬೆಂದ ಕಾಳು ಬೆರೆಸಿ ಬಾಣಲೆಯಲ್ಲಿ ಬಾಡಿಸಿದರೆ ‘ಗಾಯೊ ಪಿಂಟೊ’. ರಾತ್ರಿ ಉಳಿದ ಅನ್ನ ಬೆಳಗ್ಗೆ ತಿಂಡಿಯಾಗುವ ಬಗೆ ಅದು, ನಮ್ಮ ಚಿತ್ರಾನ್ನದ ದಾಯಾದಿ. ಕೆರಿಬಿಯನ್ ಕಡಲಂಚಿನ ಲಿಮೋನ್ ಊರಿಗೆ ಬಂದಿರೋ, ಅಕ್ಕಿ-ಕಾಳಿನ ಹೆಸರು ಇಂಗ್ಲಿಷಿಗೆ ತಿರುಗುತ್ತದೆ: ‘ರೈಸ್ ಅಂಡ್ ಬೀನ್ಸ್’. ಸ್ಪ್ಯಾನಿಷ್ ಬಿಟ್ಟರೆ ಬೇರೆ ಬಾರದವರೂ ಹಾಗೇ ಕೇಳಿ ಬಡಿಸಿಕೊಳ್ಳುತ್ತಾರೆ. ಇದು ಉಳಿಕೆಯ ಅಡುಗೆಯಲ್ಲ, ಭಾನುವಾರದ ಊಟ.

ಈ ಇಂಗ್ಲಿಷ್ ರೈಲಿನ ದೆಸೆಯಿಂದ ಬಂದದ್ದು. ಕಾಫಿಯನ್ನು ಬಂದರಿಗೆ ಇಳಿಸಲೆಂದು ರಾಜಧಾನಿ ಸಾನ್ ಹೊಸೆಯಿಂದ ಲಿಮೋನಿಗೆ ಹಳಿ ಹಾಕುವ ಕೆಲಸ 1871ರಲ್ಲಿ ಶುರುವಾಗಿ ಮುಗಿದದ್ದು 1890ಕ್ಕೆ. ದುಡಿಮೆಗೆ ಇಂಗ್ಲಿಷ್ ಆಡುವ ಜಮೈಕಾ ದ್ವೀಪದಿಂದ ಹಡಗುಗಟ್ಟಲೆ ಜನ ಬಂದರು. ಹಳಿಯ ಪಕ್ಕ ಬಾಳೆ ನೆಟ್ಟ ಗುತ್ತಿಗೆದಾರ ಮೈನರ್ ಕೀತ್ ಕುಬೇರನಾದ. ಕೂಲಿಯವರು ಊರಿಗೆ ಬಾಯಿರುಚಿ ಕೊಟ್ಟರು. ಕರಿಯರ ಹಕ್ಕಿಗಾಗಿ ಮುಂದೆ ಹೆಸರಾದ ಮಾರ್ಕಸ್ ಗಾರ್ವಿಯೂ 1910ರ ಸುಮಾರಿಗೆ ಇಲ್ಲಿ ಬಾಳೆ ಕಂಪನಿಯ ಹಾಜರಿ ಬರೆಯುತ್ತಿದ್ದ. ಅವನ ಹಡಗು ಕಂಪನಿಯ ಹೆಸರು ಹೊತ್ತಿದ್ದ, ಲಿಮೋನಿನ 1922ರ ಮರದ ಕಟ್ಟಡ 2016ರಲ್ಲಿ ಸುಟ್ಟುಹೋಯಿತು. ಅದರಲ್ಲೊಂದು ಊಟದ ಹೋಟೆಲೂ ಇತ್ತು. ಜಮೈಕಾದಲ್ಲಿ ಇದೇ ಕಾಳಿಗೆ ‘ಪೀಸ್’ ಎನ್ನುತ್ತಾರೆ. ಕಡಲು ದಾಟುವಾಗ ಅದು ಯಾಕೆ ಬೀನ್ಸ್ ಆಯಿತೋ!

ಇನ್ನು ಪಾತ್ರೆ. ಒಂದು ಲೋಟ ಕೆಂಪು ಕಾಳು (ರಾಜ್ಮಾ ನಡೆಯುತ್ತದೆ) ರಾತ್ರಿ ನೆನೆಯಲಿ. ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲ ಹತ್ತು ನಿಮಿಷ ಭರ್ರನೆ ಕುದಿಸಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಆಮೇಲೆ ಹಿಚುಕಿದರೆ ಮೆತ್ತಗಾಗುವತನಕ ಬೇಯಲಿ. ಆತುರಪಟ್ಟು ಮೊದಲೇ ಅಕ್ಕಿ ಸುರಿದರೆ, ಇಪ್ಪತ್ತು ನಿಮಿಷದಲ್ಲಿ ಅನ್ನ ಆಗುತ್ತದೆ, ಕಾಳು ಕಲ್ಲಾಗಿಯೇ ಉಳಿಯುತ್ತದೆ. ಕಟ್ಟು ಚೆಲ್ಲಬಾರದು, ಅನ್ನದ ಬಣ್ಣವೆಲ್ಲ ಅದರದೇ. ಎರಡು ಲೋಟ ಅಕ್ಕಿಗೆ ಎರಡೂವರೆ ಲೋಟ ಕಟ್ಟು, ಒಂದೂವರೆ ಲೋಟ ತೆಂಗಿನಹಾಲು. ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ, ಉಪ್ಪು, ಥೈಮ್ ಎಂಬ ಸೊಪ್ಪಿನ ಎರಡು ಕಡ್ಡಿ. ಒಂದು ಕುದಿ ಬಂದ ಮೇಲೆ ಸಣ್ಣ ಉರಿ, ಮುಚ್ಚಳ. ಉರಿ ಜೋರಾದರೆ ತೆಂಗಿನಹಾಲು ತಳ ಹಿಡಿಯುತ್ತದೆ. ಹಿಡಿದೀತೆಂದು ಸೌಟು ಆಡಿಸಿದರೆ ಅನ್ನ ಮುದ್ದೆ.

ಸೌಟಿಗೆ ಹೆದರಲು ಇನ್ನೊಂದು ಕಾರಣ ಮೇಲೆ ತೇಲುತ್ತಿರುತ್ತದೆ: ಪನಾಮಾ ಮೆಣಸಿನಕಾಯಿ. ಗುಂಡಗೆ, ಮುದ್ದಾಗಿದೆ, ಗುಣದಲ್ಲಿ ಹಬನೇರೊ ಎಂಬ ಉರಿಖಾರದ ಮೆಣಸಿನಕಾಯಿಯ ಕುಲ. ಖಾರವೆಲ್ಲ ಒಳಗೆ, ಬೀಜ ಅಂಟಿಕೊಂಡ ಬಿಳಿ ದಿಂಡಿನಲ್ಲಿ. ಸಿಪ್ಪೆ ಗಟ್ಟಿಯಿರುವತನಕ ಹಣ್ಣಿನಂಥ ಘಮ ಮಾತ್ರ ಹಬೆಗೆ ಇಳಿಯುತ್ತದೆ. ಒಡೆದರೆ ಪಾತ್ರೆಯಿಡೀ ಖಾರ, ಆಮೇಲೆ ಎಷ್ಟು ತೆಂಗಿನಹಾಲು ಸುರಿದರೂ ರಿಪೇರಿಯಿಲ್ಲ. ಹಾಗಾಗಿ ಕಳಿತು ಮೆತ್ತಗಾದ ಕಾಯಿ ಬೇಡ, ತೊಟ್ಟು ಮುರಿಯುವುದೂ ಬೇಡ. ನೀರು ಇಂಗಿದ ಮೇಲೆ, ಅನ್ನ ಕೆದಕುವ ಮೊದಲು, ಆ ತೊಟ್ಟು ಹಿಡಿದೇ ಮೆಲ್ಲಗೆ ಎತ್ತಿ ಆಚೆಗಿಡುವುದು.