ಸಾಲದ ಕಾಗದಕ್ಕೆ ತುಕ್ಕು ಹಿಡಿಯುವುದಿಲ್ಲ

ಬಡ ದೇಶ ಸಾಲ ಕೇಳಲು ಹೋದರೆ ಬಡ್ಡಿ ಜಾಸ್ತಿ. ಯಾಕೆ ಸ್ವಾಮಿ ಅಂದರೆ, ‘ನೀವು ಬಡವರು, ದುಡ್ಡು ಮುಳುಗಬಹುದು, ಆ ಭಯಕ್ಕೆ ಸ್ವಲ್ಪ ಜಾಸ್ತಿ’ ಎನ್ನುತ್ತಾರೆ. ಸರಿ, ಭಯದ ಬಾಬ್ತೂ ಕಟ್ಟಿದ್ದಾಯಿತು. ಒಂದು ದಿನ ದುಡ್ಡು ನಿಜವಾಗಿಯೂ ಮುಳುಗುತ್ತದೆ. ಆಗ ಕೊಟ್ಟವರಿಗೆ ಆಶ್ಚರ್ಯವೋ ಆಶ್ಚರ್ಯ! ‘ಅರೇ, ಮುಳುಗಿತಾ?’ ಅಂತ ನೇರ ಕೋರ್ಟಿಗೆ.

ಆಫ್ರಿಕಾದ ಜಾಂಬಿಯಾದ ಕತೆ ನೋಡಿ. 1979ರಲ್ಲಿ ಅದು ರೊಮೇನಿಯಾದಿಂದ ಸಾಲದ ಮೇಲೆ ಟ್ರಾಕ್ಟರ್ ತರಿಸಿತು. ಅದರ ಮುಖ್ಯ ಆದಾಯ ತಾಮ್ರದ್ದು. ತಾಮ್ರದ ಬೆಲೆ ಬಿತ್ತು, ಕಂತು ನಿಂತಿತು. ಟ್ರಾಕ್ಟರ್‌ಗೆ ವಯಸ್ಸಾದರೆ ಗುಜರಿ ಸೇರುತ್ತದೆ. ಸಾಲಕ್ಕೆ ವಯಸ್ಸಾದರೆ ಮೈಕೈ ತುಂಬಿಕೊಳ್ಳುತ್ತದೆ. 1999ರಲ್ಲಿ, ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ನೋಂದಣಿಯಾಗಿದ್ದ ಕಂಪನಿಯೊಂದು ಆ ಹಳೇ ಸಾಲವನ್ನು ಸುಮಾರು 33 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು. ಆಮೇಲೆ ಲಂಡನ್ನಿನ ಕೋರ್ಟಿನಲ್ಲಿ ಕೇಳಿದ್ದು ಸುಮಾರು 5.5 ಕೋಟಿ ಡಾಲರ್! 2007ರಲ್ಲಿ ನ್ಯಾಯಾಧೀಶರು ಕಂಪನಿಯವರಿಗೆ ಚೆನ್ನಾಗಿ ಬೈದರು. ಬೈದು, ಸುಮಾರು 1.5 ಕೋಟಿ ಕೊಡಿಸಿದರು. ಅದಕ್ಕೆ ಎರಡು ವರ್ಷ ಹಿಂದಷ್ಟೇ ಜಾಂಬಿಯಾದ ಸಾಲದಲ್ಲಿ ದೊಡ್ಡ ಪಾಲು ಮನ್ನಾ ಆಗಿತ್ತು. ಬೇರೆಯವರು ಬಿಟ್ಟುಕೊಟ್ಟಿದ್ದು ಇವರ ಜೇಬಿಗೆ ಬಂತು.

ಇಂಥ ಕಂಪನಿಗಳನ್ನು ‘ರಣಹದ್ದು ಫಂಡ್’ ಅನ್ನುತ್ತಾರೆ. ಹದ್ದುಗಳು ಇನ್ನೂ ಮಾನನಷ್ಟದ ಕೇಸು ಹಾಕಿಲ್ಲ, ಅದು ಅವುಗಳ ದೊಡ್ಡತನ.

ಹಾಗಂತ ಸಾಲ ಕೊಟ್ಟವರ ಮನಸ್ಸು ಕರಗುವುದೇ ಇಲ್ಲ ಅಂತಲ್ಲ. 1953ರಲ್ಲಿ ಪಶ್ಚಿಮ ಜರ್ಮನಿಯ ಸಾಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. ಆ ದೇಶ ಮಾಡಿದ್ದ ಪುಣ್ಯವೇನು? ಒಂದು ಮಹಾಯುದ್ಧ ಸೋತಿತ್ತು, ಅಷ್ಟೇ.

ಹೈಟಿ ತಪ್ಪು ಮಾಡಿತು. ಗೆದ್ದುಬಿಟ್ಟಿತು. ಕೆರಿಬಿಯನ್ ಸಮುದ್ರದ ಈ ನಾಡು ಆಗ ಫ್ರಾನ್ಸಿನ ವಸಾಹತು. ಅಲ್ಲಿನ ಗುಲಾಮರು ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಯಾವುದಕ್ಕೆ? ಹಳೇ ಯಜಮಾನರು ಕಳೆದುಕೊಂಡ ಆಸ್ತಿಗೆ. ಆ ಆಸ್ತಿಯಲ್ಲಿ ಗುಲಾಮರೂ ಸೇರಿದ್ದರು. ಅಂದರೆ ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕು! ಅಷ್ಟು ದುಡ್ಡೆಲ್ಲಿದೆ? ಪ್ಯಾರಿಸ್ಸಿನ ಬ್ಯಾಂಕಿನವರು ಮುಂದೆ ಬಂದರು. ಕಾಗದದಲ್ಲಿ ಬರೆಸಿಕೊಂಡ ಸಾಲ 3 ಕೋಟಿ, ಕೈಗೆ ಕೊಟ್ಟಿದ್ದು 2.4 ಕೋಟಿ. ಉಳಿದ 60 ಲಕ್ಷ ಅವರ ಕಮಿಷನ್ನು. ಪಾಪ, ಸುಮ್ನೆ ಯಾರು ಕೊಡ್ತಾರೆ, ಅಲ್ವಾ?

ಮುಂದೆ ಪರಿಹಾರದ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಸಾಲ ತೀರಿಸಲು ಸಾಲ, ಅದನ್ನು ತೀರಿಸಲು ಇನ್ನೊಂದು. ಎಲ್ಲ ಮುಗಿದಿದ್ದು 1947ರಲ್ಲಿ. ಅಷ್ಟು ಹೊತ್ತಿಗೆ ಗೆದ್ದವರೂ ಇರಲಿಲ್ಲ, ಸೋತವರೂ ಇರಲಿಲ್ಲ. ಸಾಲದ ಕಾಗದ ಮಾತ್ರ ಗಟ್ಟಿಮುಟ್ಟಾಗಿತ್ತು.