ಸೈಕಲ್ಲು ಟೊಮೇಟೊ ಬಾಕ್ಸ್ ಅಲ್ಲ ಸ್ವಾಮಿ

ಚಿಕ್ಕಬಳ್ಳಾಪುರದ ಒಂದು ಛತ್ರದಲ್ಲಿ ಇವತ್ತು ಕೈಯಲ್ಲೇ ಕಟ್ಟಿದ ಸೈಕಲ್‌ಗಳ ಪುಟ್ಟ ಪ್ರದರ್ಶನ ಇತ್ತು. ನಂದಿ ಹತ್ತಿ ಇಳಿದು ಬಂದ ಬೆಂಗಳೂರಿನ ದಂಡೂ ಇತ್ತು, ನಮ್ಮೂರ ಕಡೆಯವರೂ ಇದ್ದರು. ಸಂತೋಷ. ಆದರೆ ಅದರಲ್ಲೊಬ್ಬ ಮಹಾಶಯ ಬ್ಯಾಗಿನಿಂದ ಕೊಕ್ಕೆ ಇರೋ ಡಿಜಿಟಲ್ ತಕ್ಕಡಿ ತೆಗೆದ, ಸೀಟಿನ ಕೆಳಗೆ ಸಿಕ್ಕಿಸಿ ಸೈಕಲ್ಲನ್ನ ನೇತುಹಾಕಿದ, "10.4" ಅಂತ ಓದಿದ, ತುಟಿ ಸೊಟ್ಟ ಮಾಡಿ ಮುಂದಿನ ಟೇಬಲ್ಲಿಗೆ ಹೋದ. ಅಷ್ಟೇ. ಅವನಿಗೆ ಪ್ರದರ್ಶನ ನೋಡಿ ಆಯ್ತು.

ತಕ್ಕಡಿ ತರದವರು ಎರಡು ಬೆರಳಲ್ಲಿ ಎತ್ತಿ ನೋಡ್ತಾರೆ. "ಎಷ್ಟ್ ಕೇಜಿ ಅಣ್ಣ?" ಬೆಳಗ್ಗೆ ಒಂಬತ್ತರಿಂದ ಒಂದು ಗಂಟೆವರೆಗೂ ಇದೊಂದೇ ಪ್ರಶ್ನೆ. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸಿನ ಟೊಮೇಟೊ ಕೊಳ್ಳೋರೂ ಮೇಲಿನ ನಾಲ್ಕು ಹಣ್ಣು ಸರಿಸಿ ಕೆಳಗೇನಿದೆ ಅಂತ ನೋಡ್ತಾರಪ್ಪ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಮಾರೋದು ಕೆಜಿ ಲೆಕ್ಕದಲ್ಲೇ, ಆದರೂ ನೂಲು ತೆಗೆಯೋ ರೀಲರ್ ಮೊದಲು ಒಂದು ಹಿಡಿ ಕೈಗೆ ತಗೊಂಡು, ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡ್ತಾನೆ. ತೂಕ ಆಮೇಲೆ.

ಸೈಕಲ್ಲಿಗೆ ಮಾತ್ರ ಯಾಕೆ ಈ ಅವಮಾನ?

ಬಾಗಿಲ ಪಕ್ಕದ ಟೇಬಲ್ ಮೇಲೆ ಬಣ್ಣ ಹಚ್ಚದ ಒಂದು ಬರೀ ಫ್ರೇಮ್ ಇತ್ತು. ಇಡೀ ಛತ್ರದಲ್ಲಿ ನೋಡಬೇಕಾದ್ದು ಅದೇ. ಮಿರಮಿರ ಮಿಂಚೋ ಬಣ್ಣದ ಕೆಳಗೆ ಏನು ಬೇಕಾದರೂ ಮುಚ್ಚಿಡಬಹುದು, ಬರೀ ಫ್ರೇಮಲ್ಲಿ ಆಗಲ್ಲ. ಲಗ್ (ಕೊಳವೆಗಳ ತುದಿ ಕೂರಿಸೋ ಲೋಹದ ತೋಳು) ಹಾಕಿ ಬ್ರೇಜಿಂಗ್ ಮಾಡಿದ್ದು, ಅಂದರೆ ಕೊಳವೆಯನ್ನ ಕರಗಿಸದೆ ಬೇರೆ ಲೋಹ ಕರಗಿಸಿ ಬೆಸೆದದ್ದು. ಕೊಳವೆಗೂ ಲಗ್ಗಿಗೂ ನಡುವೆ ಬಿಡೋ ಸಂದು ಸುಮಾರು 0.1 ಮಿಲಿಮೀಟರ್. ಬೆಳ್ಳಿ ಬೆರೆತ ಬೆಸುಗೆ ಕಡ್ಡಿಯನ್ನ ಒಂದು ಅಂಚಿಗೆ ತಾಗಿಸಿದರೆ ಅದು ಕರಗಿ, ಶಾಖ ಎಲ್ಲಿದೆಯೋ ಆ ಕಡೆಗೆ ಸಂದಿನೊಳಗೇ ಹರಿದು, ಇನ್ನೊಂದು ಅಂಚಲ್ಲಿ ಕೂದಲೆಳೆಯಷ್ಟು ಗೆರೆಯಾಗಿ ಹೊರಗೆ ಬರಬೇಕು. ಆ ಗೆರೆ ಸುತ್ತಲೂ ಎಲ್ಲೂ ಕಡಿಯದೆ ಇದ್ದರೆ ಒಳಗೆಲ್ಲ ತುಂಬಿದೆ ಅಂತ ಅರ್ಥ. ಈ ಬೆಳ್ಳಿ ಕಡ್ಡಿಗೆ 600ರಿಂದ 700 ಡಿಗ್ರಿ ಸೆಲ್ಸಿಯಸ್ ಸಾಕು, ಉಕ್ಕು ಮಂಕು ಕೆಂಪಾದರೆ ಆಯ್ತು. ಹಿತ್ತಾಳೆ ಕಡ್ಡಿಗೆ 900ರ ಹತ್ತಿರ ಹೋಗಬೇಕು. ಜ್ವಾಲೆ ಒಂದೇ ಕಡೆ ಜಾಸ್ತಿ ಹೊತ್ತು ನಿಂತರೆ ಫ್ಲಕ್ಸ್ (ಬೆಸುಗೆ ಹರಿಯಲಿ ಅಂತ ಹಚ್ಚೋ ಲೇಪ) ಸುಟ್ಟು ಕರ್ರಗಾಗುತ್ತೆ. ಅಲ್ಲಿಗೆ ಲೋಹ ಹರಿಯಲ್ಲ, ಗುಂಡಗೆ ಹನಿಯಾಗಿ ಕೂತುಬಿಡುತ್ತೆ. ಹಿತ್ತಾಳೆ ಅತಿಯಾಗಿ ಕಾದರೆ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತೆ, ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತು ಉಳಿಯುತ್ತೆ. ಇದನ್ನೆಲ್ಲ ಯಾವ ತಕ್ಕಡಿ ತೋರಿಸುತ್ತೆ?

ಸೀಟ್ ಪೋಸ್ಟ್ (ಸೀಟನ್ನ ಹೊತ್ತಿರೋ ಕಂಬ) ತೆಗೆಸಿ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಸೀಟಿನ ಹತ್ತಿರದ ಸೀಳಿನ ತುದಿಯಲ್ಲಿ ಮೂರ್ನಾಲ್ಕು ಮಿಲಿಮೀಟರಿನ ದುಂಡು ತೂತು ಕೊರೆದಿದ್ದಾರಾ ನೋಡಿ. ಇಲ್ಲದಿದ್ದರೆ ಬಿರುಕು ಶುರುವಾಗೋದು ಅಲ್ಲಿಂದಲೇ. ಕೊಳವೆಗಳಿಗೆ ಗಾಳಿ ಹೋಗೋ ಕಿಂಡಿ ಬಿಟ್ಟಿದ್ದಾರಾ ಕೇಳಿ. ಬಿಡದಿದ್ದರೆ ಒಳಗಿನ ಗಾಳಿ ಕಾದು ಉಬ್ಬಿ, ಕರಗಿದ ಬೆಸುಗೆಯನ್ನ ಹೊರಗೆ ನೂಕುತ್ತೆ. ಅರ ಹಾಕಿ ಅಂದ ಮಾಡುವಾಗ ಕೊಳವೆಯ ಗೋಡೆಯನ್ನೂ ಉಜ್ಜಿಬಿಟ್ಟಿದ್ದಾರಾ ಅಂತ ಬೆರಳು ಸವರಿ. ಆ ಗೋಡೆ ದಪ್ಪ ಇರೋದೇ ತುದಿಯಲ್ಲಿ 0.8, ನಡುವೆ 0.5 ಮಿಲಿಮೀಟರ್. ತುದಿ ದಪ್ಪ, ನಡು ತೆಳು ಅನ್ನೋ ಈ ಉಪಾಯ ಹೊಸದೇನಲ್ಲ. ಬರ್ಮಿಂಗ್‌ಹ್ಯಾಮಿನ ರೇನಾಲ್ಡ್ಸ್ ಕಂಪನಿಯವರು 1897ರಲ್ಲೇ ಅದಕ್ಕೆ ಪೇಟೆಂಟ್ ತಗೊಂಡಿದ್ದರು.

"ನಂದಿ ಹತ್ತೋರಿಗೆ ತೂಕ ಮುಖ್ಯ ಅಲ್ವಾ?" ಅಂತ ಕೆಳಗೆ ಕಾಮೆಂಟ್ ಬರುತ್ತೆ, ಗೊತ್ತು. ಲೆಕ್ಕ ಹಾಕೋಣ. ಒಳ್ಳೆ ಉಕ್ಕಿನ ಫ್ರೇಮ್ ಎರಡು ಕೆಜಿ ಆಸುಪಾಸು, ಕಾರ್ಬನ್ ಒಂದು ಕೆಜಿ. ವ್ಯತ್ಯಾಸ ಒಂದು ಕೆಜಿ. ಸವಾರ, ಸೈಕಲ್, ನೀರು ಎಲ್ಲ ಸೇರಿ 82 ಕೆಜಿ ಅಂದ್ಕೊಳ್ಳಿ. ಒಂದು ಕೆಜಿ ಅಂದರೆ ನೂರಕ್ಕೆ 1.2. ಅರ್ಧ ಗಂಟೆಯ ಏರಿನಲ್ಲಿ ಅದು ಹೆಚ್ಚೆಂದರೆ 22 ಸೆಕೆಂಡ್. 1478 ಮೀಟರ್ ಎತ್ತರದ ತುದಿಗೆ ಹೋಗಿ ಇಪ್ಪತ್ತು ನಿಮಿಷ ಸೆಲ್ಫಿ ತೆಗೆಯೋರಿಗೆ 22 ಸೆಕೆಂಡಿನ ಅರ್ಜೆಂಟು! ರೇಸ್ ಓಡಿಸೋರಾದರೆ ಬೇರೆ ಮಾತು. ಇವತ್ತು ಕೆಜಿ ಕೇಳಿದವರಲ್ಲಿ ರೇಸಿನವರು ಎಷ್ಟು ಜನ ಅಂತ ನಾನು ಹೇಳಲ್ಲ, ಹೊಟ್ಟೆಗಳೇ ಹೇಳ್ತಿದ್ವು.

(ನಾನೂ ಒಂದು ಕಾಲಕ್ಕೆ ಕೆಜಿ ಕೇಳ್ತಿದ್ದವನೇ. ಒಪ್ಕೊಂಡೆ. ಬಿಡಿ.)

ಮೂಲೆಯಲ್ಲೊಂದು ಸೈಕಲ್ ಇತ್ತು. ಐದಡಿ ಎತ್ತರದ ಹೆಣ್ಣುಮಗಳೊಬ್ಬಳಿಗೆ ಅಳತೆ ತಗೊಂಡು ಕಟ್ಟಿದ್ದು. ಅಂಗಡಿಯಲ್ಲಿ ಸಿಗೋ ಚಿಕ್ಕ ಸೈಜಿಗೂ ಎಷ್ಟೋ ಕಂಪನಿಯವರು 622 ಮಿಲಿಮೀಟರಿನ ದೊಡ್ಡ ಚಕ್ರವನ್ನೇ ಹಾಕ್ತಾರೆ. ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದರೆ ಮುಂದಿನ ಟಯರು ಬೂಟಿನ ತುದಿಗೆ ತಾಗುತ್ತೆ, ಟ್ರಾಫಿಕ್ಕಲ್ಲಿ ಯೂ ಟರ್ನ್ ಹೊಡೆಯುವಾಗ ಬೀಳೋದು ಹೀಗೇ. ಇವರು 584ರ ಚಕ್ರ ಹಾಕಿ, 42 ಮಿಲಿಮೀಟರ್ ಅಗಲದ ಟಯರಿಗೆ ಜಾಗ ಬಿಟ್ಟು, ಪೆಡಲ್ ಹಿಡಿದಿರೋ ಕ್ರ್ಯಾಂಕಿನ ಉದ್ದವನ್ನ 160 ಮಿಲಿಮೀಟರಿಗೆ ಇಳಿಸಿದ್ದರು. ದ್ರಾಕ್ಷಿ ತೋಟಗಳ ನಡುವಿನ ಮಣ್ಣು ರಸ್ತೆಗೆ ಹೇಳಿ ಮಾಡಿಸಿದ ಹಾಗಿತ್ತು. ಕೈಯಲ್ಲಿ ಕಟ್ಟೋದು ಅಂದರೆ ಇದಕ್ಕೇ ತಾನೇ? ಅದನ್ನೂ ಒಬ್ಬ ಬಂದು ಎತ್ತಿ, "ಸ್ವಲ್ಪ ಭಾರ" ಅಂದ. ಅಯ್ಯೋ ಪುಣ್ಯಾತ್ಮ, ನೀನ್ಯಾಕೆ ಎತ್ತುತೀಯ, ಅದು ನಿನ್ನ ಸೈಕಲ್ಲಾ?

ಅಮೆರಿಕದಲ್ಲಿ ಇಂಥದ್ದೇ ದೊಡ್ಡ ಪ್ರದರ್ಶನ 2005ರಲ್ಲಿ ಹ್ಯೂಸ್ಟನ್ನಿನಲ್ಲಿ ಶುರುವಾಯ್ತು. ಅಲ್ಲಿ ಲಗ್ ಫ್ರೇಮಿಗೆ ಬೇರೆ ಬಹುಮಾನ, ಲಗ್ ಇಲ್ಲದೆ ಮೂಲೆಗೆ ಲೋಹ ತುಂಬಿ ಬೆಸೆಯೋ ಫಿಲೆಟ್ ಬ್ರೇಜಿಂಗಿಗೆ ಬೇರೆ, ಕೊಳವೆಯನ್ನೇ ಕರಗಿಸಿ ಬೆಸೆಯೋ ಟಿಗ್ ವೆಲ್ಡಿಂಗಿಗೆ ಬೇರೆ ಕೊಡ್ತಿದ್ದರು. ಜಾಯಿಂಟ್ ನೋಡಿ ಕೊಟ್ಟ ಬಹುಮಾನಗಳು.

ಇಷ್ಟರ ನಡುವೆ ಒಂದು ಖುಷಿ. ಗೌರಿಬಿದನೂರು ಕಡೆಯ ಹಳೇ ಸೈಕಲ್ ಶಾಪಿನ ಯಜಮಾನರು, ಅರವತ್ತು ದಾಟಿರಬೇಕು, ಆ ಬರೀ ಫ್ರೇಮ್ ಮುಂದೆ ನಿಂತು "ದಾರ ಐತಾ?" ಅಂತ ಕೇಳಿದರು. ಸಿಕ್ಕಿತು. ಹಿಂದಿನ ಚಕ್ರ ಕೂರೋ ಕಚ್ಚಿಗೆ ಒಂದು ತುದಿ ಕಟ್ಟಿ, ಮುಂದೆ ಹ್ಯಾಂಡಲ್ ಕೊಳವೆಯನ್ನ ಸುತ್ತಿಸಿ, ಆಚೆ ಕಚ್ಚಿಗೆ ಬಿಗಿಯಾಗಿ ಎಳೆದು ಕಟ್ಟಿದರು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರವನ್ನ ಎರಡೂ ಕಡೆ ಸ್ಕೇಲಲ್ಲಿ ಅಳೆದರು. ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ನಡೆಯುತ್ತೆ. ಮೂರು ಬಂದರೆ ಹಿಂದಿನ ಚಕ್ರ ನೆಟ್ಟಗೆ ಕೂರಲ್ಲ, ಕೈ ಬಿಟ್ಟು ಓಡಿಸಿದರೆ ಸೈಕಲ್ ಒಂದು ಕಡೆಗೆ ಎಳೆಯುತ್ತೆ. ಕಟ್ಟಿದ ಹುಡುಗ ಉಸಿರು ಹಿಡಿದು ನಿಂತಿದ್ದ.

"ಅರ್ಧ ಮಿಲಿ ಐತಪ್ಪ ಎಡಕ್ಕೆ" ಅಂದರು ಯಜಮಾನರು, ದಾರ ಸುತ್ತಿ ಜೇಬಿಗೆ ಹಾಕ್ಕೊಳ್ತಾ. "ಬಣ್ಣ ಹೊಡ್ಕೊ, ಹೋಗು."